ಹೂಂ ಅನ್ನದ ಸೋಮವಾರ

ಬಿಸಿಲಿನ ಕೋಲೊಂದು ಬೆಳಕಿಂಡಿಯೊಳಗಿಂದ ಇಳಿದು ಪಡಸಾಲೆಯ ನೆಲದ ಮೇಲೆ ತಾಟಿನಷ್ಟು ದುಂಡಗೆ ಬಿದ್ದಿದೆ, ಅದರೊಳಗೆ ಧೂಳು ಏಳುತ್ತಿದೆ, ಇಳಿಯುತ್ತಿದೆ, ಅವ್ವ ಈಗಷ್ಟೇ ಕಸ ಹೊಡೆದಿರಬೇಕು, ಆ ದುಂಡನೆಯ ಜಾಗದಲ್ಲಿ ಮಾತ್ರ ಮನೆಯಲ್ಲಿ ಯಾರೂ ಏನೂ ಇಡುವುದಿಲ್ಲ, ಅಪ್ಪ ನಿಂಬೆಯ ಚೀಲಗಳನ್ನೂ ಅದರಾಚೆಗೇ ಸರಿಸಿ ನಿಲ್ಲಿಸುತ್ತಾನೆ — ಮಾಳಿಗೆಯ ಕುಂಬಿಗೆ ಬೆನ್ನು ಕೊಟ್ಟು ಕೂತಿದ್ದ ಯಶೋಧಾ ಕತ್ತು ಚಾಚಿ ಕೆಳಗೆ ನೋಡಿದಳು, ಹಿಂದಕ್ಕೆ ಸರಿದಳು, ನೋಡಬಾರದು ಅಂದುಕೊಂಡಳು, ಮತ್ತೆ ನೋಡಿದಳು. ಮಡಿಲಲ್ಲಿ ಲ್ಯಾಪ್‌ಟಾಪು, ತಲೆಯ ಮೇಲೆ ಎರಡು ಬಿದಿರಿಗೆ ಕಟ್ಟಿದ ಅವ್ವನ ಹಳೆಯ ಸೀರೆಯ ನೆರಳು, ತೆರೆಯ ಮೇಲೆ ಒಂದೇ ಸಾಲು, ದಯವಿಟ್ಟು ಕಾಯಿರಿ, ನಿಮ್ಮನ್ನು ಒಳಗೆ ಕರೆಯಲಾಗುವುದು. ಹನ್ನೆರಡೂವರೆಗೆ ಅಂದಿದ್ದರು, ಈಗ ಹನ್ನೆರಡು ನಲವತ್ತು, ಇವಳಿಗಿಂತ ಮುಂಚಿನವನ ವೈವಾ ಇನ್ನೂ ಮುಗಿದಿಲ್ಲವೇನೋ. ಹಾಸ್ಟೆಲ್ಲು ಖಾಲಿ ಮಾಡಿಸಿ ಎಲ್ಲರನ್ನೂ ಊರಿಗೆ ಕಳಿಸಿ, ವೈವಾ ಮಾತ್ರ ಆನ್‌ಲೈನ್ ಎಂದುಬಿಟ್ಟಿತು ಯೂನಿವರ್ಸಿಟಿ, ಹೊರಗಿನ ಪರೀಕ್ಷಕರು ಯಾವುದೋ ದೇಶದಲ್ಲಿ ಕೂತಿರುತ್ತಾರಂತೆ, ಮತ್ತೆ ತನ್ನೂರು ಅಗರಖೇಡದಲ್ಲಿ ಸಿಗ್ನಲ್ ಬೇಕೆಂದರೆ ಮಾಳಿಗೆ ಹತ್ತದೆ ಗತಿಯಿಲ್ಲ, ಪದ ರೆಕಾರ್ಡು ಮಾಡಿದ ಆವತ್ತೂ ಇಲ್ಲೇ ಹತ್ತಿ ಬಂದಿದ್ದಳು, ಇದೇ ಕುಂಬಿ, ಇದೇ ಬೆಳಕಿಂಡಿ, ಆವತ್ತು ಶ್ರಾವಣ, ಇವತ್ತು ವೈಶಾಖ, ಇವತ್ತೂ ಸೋಮವಾರವೇ — ಅದೊಂದನ್ನು ಯಾರು ಹೊಂದಿಸಿದರೋ.

ಥೀಸಿಸ್ಸಿನ ನಲವತ್ತೊಂದನೆಯ ಪುಟ. ಕೇಳಿದರೆ ಅದನ್ನೇ ಕೇಳುತ್ತಾರೆ, ಗೈಡ್ ಮೇಡಂ ಮೊದಲೇ ಹೇಳಿದ್ದಾರೆ, ಪಠ್ಯ ಅಲ್ಲಿಗೆ ಯಾಕೆ ನಿಲ್ಲುತ್ತದೆ ಅಂತ ಬರಬಹುದು, ತಯಾರಾಗಿರು. ತಯಾರಾಗಿದ್ದಾಳೆ. ವಾಕ್ಯ ಬಾಯಿಪಾಠ. ಈ ಹಂತದಲ್ಲಿ ಹಾಡುಗಾರ್ತಿಗೆ ಮರೆವು ಉಂಟಾದ್ದರಿಂದ ಕಥನ ಅಪೂರ್ಣವಾಗಿ ಉಳಿಯುತ್ತದೆ, ವಯಸ್ಸು ಎಂಬತ್ತೊಂದು. ಎಷ್ಟು ಸರಾಗ ವಾಕ್ಯ, ಇಂಗ್ಲಿಷಿನಲ್ಲಂತೂ ಇನ್ನೂ ಸರಾಗ, ಬರೆಯುವಾಗ ಲೈಬ್ರರಿಯ ನಾಲ್ಕನೇ ಮಹಡಿಯಲ್ಲಿ ಎಸಿಯ ತಂಪಿನಲ್ಲಿ ಕೂತಿದ್ದಳು, ಗಾಜಿನಾಚೆ ಹುಲ್ಲು ಕತ್ತರಿಸುವ ಯಂತ್ರ ಓಡುತ್ತಿತ್ತು, ಒಂದು ಅಡಿಟಿಪ್ಪಣಿಯನ್ನೂ ಹಾಕಿದಳು, ಮೌಖಿಕ ಪರಂಪರೆಯಲ್ಲಿ ಸ್ಮೃತಿಯ ಸವಕಳಿ ಕುರಿತು ಇಂಥಿಂಥ ಲೇಖನ ನೋಡಿ. ಸವಕಳಿ! ಆಯಿಗೆ — ಅಪ್ಪನ ತಾಯಿ ರೇವವ್ವನಿಗೆ — ಮರೆವು! ಇವಳ ಹುಟ್ಟಿನ ಹೊತ್ತು ಅವ್ವ ಮರೆತಿದ್ದಳು, ಆಯಿ ಮರೆತಿರಲಿಲ್ಲ, ಯಾವ ಕುರಿ ಯಾವ ಮಳೆಗೆ ಈದಿತು, ಭೀಮಾ ಹೊಳೆ ಯಾವ ವರ್ಷ ಊರ ಅಗಸಿಬಾಗಿಲ ತನಕ ಬಂತು, ಯಾರ ಮದುವೆಯಲ್ಲಿ ಯಾರು ಸಿಟ್ಟಾಗಿ ಉಣ್ಣದೆ ಎದ್ದು ಹೋದರು, ಎಲ್ಲ ತುದಿನಾಲಿಗೆಯಲ್ಲಿ. ಕಣ್ಣಿಗೆ ಪೊರೆ ಬಂದು ಒಂದು ಕಣ್ಣು ಪೂರ್ತಿ, ಇನ್ನೊಂದು ಮುಕ್ಕಾಲು ಹೋಗಿತ್ತು, ಡಾಕ್ಟರರು ಆಪರೇಷನ್ ಆಗುವುದಿಲ್ಲ, ತಡವಾಯಿತು ಅಂದರು, ಆಯಿ ನಕ್ಕಿದ್ದಳು, ಹೋಗ್ಲಿ ಬಿಡ್ರಿ ಸಾಹೇಬ್ರ, ನೋಡೂದೆಲ್ಲಾ ನೋಡಿ ಮುಗಿದೈತಿ, ಕಿವಿ ಒಂದ ಉಳಿಸ್ರಿ ಸಾಕು.

ಕಿವಿ. ಈ ಮನೆಯಲ್ಲಿ ದೇವರ ಜಗಲಿ ಆದ ಮೇಲೆ ಕಿವಿಯೇ ದೊಡ್ಡದು. ನಾಲ್ಕು ವರ್ಷದವಳಿದ್ದಾಗಿನಿಂದ ಯಶೋಧಾ ಆಯಿಯ ಎದುರು ಕಂಬಳಿಯ ಮೇಲೆ ಕೂತವಳು, ಸೋಮವಾರ ದೀಪ ಹಚ್ಚಿ ಹಣೆಗೆ ಭಂಡಾರದ ಅರಿಸಿನ ಇಟ್ಟುಕೊಂಡ ಮೇಲೆಯೇ ಪದ ಹಾಡುವುದು, ಅದಕ್ಕಿಂತ ಮೊದಲು ಇಲ್ಲ, ಒಂದು ನುಡಿ ಮುಗಿಯುತ್ತಲೇ ಆಯಿಯ ಬಲಗೈ ತೊಡೆಯಿಂದ ಮೇಲೆದ್ದು ಗಾಳಿಯಲ್ಲಿ ನಿಲ್ಲುತ್ತಿತ್ತು, ಎದುರು ಕೂತವರು ಹೂಂ ಅನ್ನಬೇಕು, ಅಂದ ಮೇಲೆ ಕೈ ತೊಡೆಗೆ ಬೀಳಬೇಕು, ಬಿದ್ದ ಸಪ್ಪಳಕ್ಕೆ ಮುಂದಿನ ನುಡಿ ಏಳಬೇಕು. ಹೂಂ ಬಾರದೆ ಕೈ ಬೀಳದು, ಕೈ ಬೀಳದೆ ನುಡಿ ಏಳದು. ಒಮ್ಮೆ ಸಣ್ಣವಳಿದ್ದಾಗ ನಿದ್ದೆಗೆ ಜಾರಿ ಹೂಂ ಅನ್ನುವುದು ತಪ್ಪಿದ್ದಕ್ಕೆ ಆಯಿ ತಲೆ ಮೊಟಕಿದ್ದಳು, ಏಳ ಹುಡುಗಿ, ನೀ ಮಲಗಿದ್ರ ಆಕಿ ನೀರಾಗ ನಿಂದರತಾಳ. ಯಾರಾಯಿ? ಹೊನ್ನವ್ವ. ಯಾವ ನೀರಾಗ? ಪದದಾಗಿನ ನೀರು ಏನು ಸಣ್ಣದಂತ ತಿಳಿದೀಯಾ, ನಡುವ ನಿಲ್ಲಿಸಿದ್ರ ಅದು ಇಳಿಯಂಗಿಲ್ಲ, ಏರಂಗಿಲ್ಲ, ಅಲ್ಲೇ ನಿಂದರತೈತಿ, ಆಕೀನೂ ಅಲ್ಲೇ ನಿಂದರತಾಳ. ಆಮೇಲೆ ಇವಳು ಎಂದೂ ನಿದ್ದೆ ಮಾಡಲಿಲ್ಲ. ನೆರೆಮನೆಯ ಜೈನುದ್ದೀನ ಮುತ್ಯಾ ಗೋಡೆಯಾಚೆಯಿಂದಲೇ ಹೂಂ ಅನ್ನುತ್ತಿದ್ದ, ಮೊಹರಮ್ಮಿಗೆ ಅವನ ಪದ, ಶ್ರಾವಣಕ್ಕೆ ಆಯಿಯ ಪದ, ಅವನು ಹಾಡುವಾಗ ಆಯಿ ತನ್ನ ಕಟ್ಟೆಯ ಮೇಲೆ ಕೂತು ಹೂಂ ಅಂದು ಋಣ ತೀರಿಸುತ್ತಿದ್ದಳು, ತಪ್ಪಿದರೆ ಕೂಗಿ ತಿದ್ದುತ್ತಿದ್ದಳು, ಏ ಜೈನುದ್ದೀನಾ, ಆ ನುಡಿ ಹಿಂದ ಬರತೈತಿ, ನೀ ಮುಂದ ಹಾರಿದಿ ನೋಡು. ಹಾರಿಲ್ಲ ತಗೀ ರೇವಕ್ಕಾ, ಹೆಜ್ಜಿ ಉದ್ದ ಇಟ್ಟೀನಿ. ಇಬ್ಬರೂ ನಗುತ್ತಿದ್ದರು.

ಮತ್ತೆ ಆ ಯೂನಿವರ್ಸಿಟಿ. ಇಂಡಿ ರೋಡ್ ಸ್ಟೇಷನ್ನಿನಿಂದ ಎರಡು ರಾತ್ರಿ ಒಂದು ಹಗಲಿನ ದಾರಿ, ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕಿತೆಂದು ಸಾಲಿಯ ಹೆಡ್‌ಮಾಸ್ತರು ಪೇಢೆ ಹಂಚಿದ್ದರು, ಗೋಡೆಯೇ ಇಲ್ಲದ ಕ್ಲಾಸುಗಳು, ಎಲ್ಲ ಗಾಜು, ಪ್ರೊಫೆಸರರನ್ನು ಹೆಸರು ಹಿಡಿದು ಕರೆಯುವ ಹುಡುಗರು, ಪರೀಕ್ಷೆಗಿಂತ ಪೇಪರು ದೊಡ್ಡದು, ಪೇಪರಿಗಿಂತ ಪ್ರಶ್ನೆ ದೊಡ್ಡದು. ಮೊದಲ ಸೆಮಿಸ್ಟರಿನಲ್ಲಿ, ಹನ್ನೆರಡೇ ಜನ ದುಂಡಗೆ ಕೂತ ಕ್ಲಾಸಿನಲ್ಲಿ, ಪ್ರೊಫೆಸರು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಂಡಾಗ ಇವಳ ಬಾಯಿಂದ ತಾನಾಗಿ ಬಂತು, ಹೂಂ. ಅವರು ನಿಂತರು, ಏನಾದರೂ ಕೇಳಬೇಕಿತ್ತೇ ಅಂದರು, ಇಲ್ಲ ಅಂದಳು, ಮತ್ತೆ ಎರಡು ಮಾತು, ಮತ್ತೆ ಹೂಂ, ಯಾರೋ ಕಿಸಕ್ಕೆಂದರು, ಆಮೇಲೆ ವಾರಗಟ್ಟಲೆ ಮೆಸ್ಸಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಹಿಂದಿನಿಂದ ಯಾರಾದರೂ ಹೂಂ, ಹೂಂ. ಅವರಿಗೆ ಅದು ಬರೀ ತಮಾಷೆ, ಕೆಟ್ಟ ಹುಡುಗರಲ್ಲ, ಜ್ವರ ಬಂದಾಗ ಅವರೇ ಗಂಜಿ ತಂದುಕೊಟ್ಟರು. ಆದರೆ ಇವಳು ನಾಲಿಗೆಯನ್ನು ಹಲ್ಲಿನ ಹಿಂದೆ ಕಟ್ಟಿ ಕೂರುವುದನ್ನು ಕಲಿತಳು. ಎರಡನೆಯ ವರ್ಷಕ್ಕೆ ಹೂಂ ಪೂರ್ತಿ ನಿಂತಿತ್ತು, ಎದುರಿನವರು ಮಾತಾಡುವಾಗ ಕಣ್ಣು ಲ್ಯಾಪ್‌ಟಾಪಿನ ಮೇಲೆ, ಬೆರಳು ಟೈಪು ಮಾಡುತ್ತ, ಸಪ್ಪಳವಿಲ್ಲದೆ ಕೇಳುವುದೂ ಒಂದು ವಿದ್ಯೆ, ಅದೇ ವಿದ್ಯೆಗೆ ಎ ಗ್ರೇಡು. ಆಯಿಗೆ ಇದನ್ನು ಹೇಳಲಿಲ್ಲ. ಹೇಳಿದ್ದರೆ, ಹೂಂ ಅಂದದ್ದಕ್ಕ ನಗೋ ಊರಾಗ ಯಾಕ ಅದೀ ಯವ್ವಾ ಅನ್ನುತ್ತಿದ್ದಳೇನೋ.

ಏ ಯಶೋಧಾ, ಕರದ್ರೇನ? — ಕೆಳಗಿನಿಂದ ಅಪ್ಪ, ಗುರಲಿಂಗಪ್ಪ, ನಿಂಬೆ ಆರಿಸುತ್ತ ಕೂತಿದ್ದಾನೆ, ದೊಡ್ಡವು ಒಂದು ಕಡೆ, ಕಲೆ ಇದ್ದವು ಒಂದು ಕಡೆ, ಬುಟ್ಟಿಗೆ ಬಿದ್ದಾಗ ಮೆತ್ತಗೆ ದಡ್ ದಡ್. ಇನ್ನಾ ಇಲ್ಲಪ್ಪಾ. ಕರೀದಿದ್ರ ನೀನs ಕರಿ, ಅವರೇನ ಮಲಗ್ಯಾರೇನ. ಹಂಗ ಕರೀಲಿಕ್ಕ ಬರಂಗಿಲ್ಲಪ್ಪಾ. ಹೌದಾ, ಬರಂಗಿಲ್ಲಾ, ನಮ್ಮ ಇಂಡಿ ತಾಲೂಕ ಆಫೀಸಿನಂಗs ಆತು ಬಿಡು ಹಂಗಾರ. ಆಮೇಲೆ ಇನ್ನೊಂದು ದನಿ, ಸಾವಕಾಶದ್ದು, ಜೈನುದ್ದೀನ ಮುತ್ಯಾ ಬಂದಿದ್ದಾನೆ, ಬಂದು ಎಲ್ಲಿ ಕೂತ? ಕತ್ತು ಚಾಚಿದಳು, ಬೆಳಕಿನ ತಾಟಿನ ಅಂಚಿಗೆ ಅವನ ಬಿಳಿ ಟೊಪ್ಪಿಗೆ ಮಾತ್ರ ಕಂಡಿತು, ಆಯಿಯ ಜಾಗ ಬಿಟ್ಟು ಕೂತಿದ್ದಾನೆ, ಅದರ ಎದುರಿಗೆ, ಕೇಳುವವನ ಜಾಗದಲ್ಲಿ. ಯವ್ವಾ, ನೀ ಮಾತಾಡು, ನನಗೇನ ಇಂಗ್ಲೀಷ ತಿಳಿಯಂಗಿಲ್ಲ, ಆದ್ರ ನೀ ಎಲ್ಲಿ ನಿಲ್ಲಸ್ತಿ ಅಲ್ಲಿ ಹೂಂ ಅಂತೇನಿ, ಧೈರ್ಯ ಇರ್ಲಿ ಅಂತ. ಅಪ್ಪ ನಕ್ಕ, ನಿನ್ನ ಹೂಂ ಕೇಳಿ ಆ ಮೇಡಮ್ಮಾರು ನಾಪಾಸ ಮಾಡ್ಯಾರು ಮುತ್ಯಾ. ಮಾಡ್ಲಿ ತಗೋ, ಹೂಂ ಅಂದ್ರ ನಾಪಾಸ ಮಾಡೋ ಸಾಲಿ ಎಂಥಾ ಸಾಲಿ.

ನಗು ಬರಬೇಕಿತ್ತು, ಬರಲಿಲ್ಲ, ನಿನ್ನೆ ಇದೇ ಮುತ್ಯಾ ಆ ಪುಸ್ತಕ ಕೈಯಲ್ಲಿ ಹಿಡಿದಿದ್ದ, ಥೀಸಿಸ್ಸಿನ ಒಂದು ಪ್ರತಿ ಬೈಂಡು ಮಾಡಿಸಿ ತಂದು ಅಪ್ಪನ ಕೈಗೆ ಕೊಟ್ಟಿದ್ದಳು, ದೇವರ ಜಗಲಿಯ ಮೇಲೆ ಇಟ್ಟು ಭಂಡಾರ ಹಚ್ಚಿದ ಮೇಲೆ ಅಪ್ಪ ಅದನ್ನು ಮುತ್ಯಾನಿಗೆ ತೋರಿಸಿದ, ಕೊನೆಯಲ್ಲಿ ನಾಲ್ಕು ಪುಟ ಕನ್ನಡದ ಸಾರಾಂಶ, ಅಪ್ಪ ಒಂದೊಂದೇ ಅಕ್ಷರ ಹಿಡಿದು ಓದಿದ, ರೇ-ವ-ವ್ವ ಎಂಬ ಹಾಡುಗಾರ್ತಿ, ಹಾಲುಮತದ ಕುಟುಂಬ, ಹದಿನಾರು ನುಡಿಗಳು, ಮುತ್ಯಾ ಪ್ರತಿ ವಾಕ್ಯಕ್ಕೂ ಹೂಂ, ಹೂಂ, ಆಮೇಲೆ ಅಪ್ಪ ಓದಿದ, ಹಾಡುಗಾರ್ತಿಗೆ ಮರೆವು ಉಂಟಾದ್ದರಿಂದ. ಹೂಂ ಬರಲಿಲ್ಲ. ಅಪ್ಪನೂ ನಿಂತ. ಮುತ್ಯಾ ಇವಳ ಕಡೆ ತಿರುಗಿದ, ರೇವಕ್ಕ ಮರೆತಳಾ? ಆಕಿ ಸಾಯೂ ಮುಂಜಾನೇನೂ ನನ್ನ ತಪ್ಪ ತಿದ್ದ್ಯಾಳಲ್ಲ, ಗ್ವಾಡಿ ಆಚೆಯಿಂದ, ಆಕಿ ಮರೆತಳಾ? ಇರಬೇಕು ಮುತ್ಯಾ, ಅಂದ ಅಪ್ಪ, ವಯಸ್ಸಲ್ಲೇನ. ನಿನಗ ಕೇಳಿಲ್ಲ ಗುರಲಿಂಗಾ, ಕುಂತು ಕೇಳಿದಾಕಿಗಿ ಕೇಳಾಕತ್ತೇನಿ. ಕುಂತು ಕೇಳಿದವಳು ನೆಲ ನೋಡಿದಳು. ಮುತ್ಯಾ ಪುಸ್ತಕದ ಮೇಲೆ ಅಂಗೈ ಇಟ್ಟ, ನೋಡ ಯವ್ವಾ, ಇದು ದೊಡ್ಡ ಸಾಲಿಯಾಗ ಇಡ್ತಾರಂತಲ್ಲ, ನಾವು ಸತ್ತ ಮ್ಯಾಗೂ ಇರತೈತಂತಲ್ಲ, ಬರದದ್ದು ಖರೇ ಇದ್ರ ಇರ್ಲಿ, ಖರೇ ಇರದಿದ್ರ ರೇವಕ್ಕನ್ನ ಅದರಾಗ ಮರಗುಳಿ ಮಾಡಿ ಕುಂಡರಸಬ್ಯಾಡ. ಅಷ್ಟೇ ಅಂದು ಎದ್ದು ಹೋದ. ಮತ್ತೆ ಇವತ್ತು ಧೈರ್ಯ ಕೊಡಲು ಬಂದು ಕೂತಿದ್ದಾನೆ.

ಆವತ್ತು ಆಯಿಗೆ ಹೇಗೆ ಹೇಳಿದ್ದಳು — ಆಯಿ, ಈ ಸಲ ನಾ ಹೂಂ ಅನ್ನಂಗಿಲ್ಲ. ಯಾಕ, ಬಾಯಿ ನೋಯ್ತೈತಾ? ಇಲ್ಲ, ನಿನ್ನ ದನಿ ಒಂದೇ ಬರಬೇಕಂತ, ನಡುವ ನನ್ನ ದನಿ ಬಂದ್ರ ಹೊಲಸಾಗತೈತಂತ, ನಮ್ಮ ಮೇಡಂ ಹೇಳ್ಯಾರ. ಅಯ್ಯ ಶಿವನ, ಹೂಂ ಅನ್ನಲಿಲ್ಲಂದ್ರ ಯಾರಿಗಿ ಹೇಳಲಿ, ಗ್ವಾಡಿಗಿ ಹೇಳಲ್ಯಾ? ನಿನ್ನ ಮೇಡಮ್ಮಗ ಯಾರೂ ಪದ ಹೇಳಿಲ್ಲೇನ ಸಣ್ಣಾಕಿದ್ದಾಗ? ಆಮೇಲೆ ತಾನೇ ದಾರಿ ಹುಡುಕಿದಳು, ಹಂಗಾರ ಒಂದ ಮಾಡು, ನನ್ನ ಕಾಲ ಹೆಬ್ಬಟ್ಟ ಹಿಡಕೊಂಡ ಕುಂಡ್ರು, ನುಡಿ ಮುಗಿದಾಗ ಒಮ್ಮಿ ಒತ್ತು, ಅದs ನಿನ್ನ ಹೂಂ ಅಂತ ತಿಳಿತೇನಿ, ನನಗ ಕಾಣಂಗಿಲ್ಲ ನೋಡು, ಮರೀಬ್ಯಾಡ. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗಲೂ ನಕ್ಕಿದ್ದಳು, ಇದರಾಗ ಏನ ಬರದೈತಿ? ನಿನ್ನ ಪದಕ್ಕ ನಾವು ಸುಳ್ಳ ಸೇರಸಂಗಿಲ್ಲಂತ ಬರದೈತಿ ಆಯಿ. ಅಷ್ಟಕ್ಕ ಕಾಗದ ಯಾಕ ಬೇಕಾತು? ಆಮೇಲೆ ದೀಪ, ಭಂಡಾರ, ಕಂಬಳಿ, ಗೋಡೆಯಾಚೆ ಹೂಂ ಅನ್ನುವ ಮುತ್ಯಾ ಆವತ್ತು ಊರಲ್ಲಿಲ್ಲ, ಎದುರು ಸಣ್ಣ ರೆಕಾರ್ಡರಿನ ಕೆಂಪು ಚುಕ್ಕೆ, ಬೆಳಕಿಂಡಿಯ ಬಿಸಿಲು ಸರಿಯಾಗಿ ಆಯಿಯ ಮಡಿಲಿಗೆ, ಮಧ್ಯಾಹ್ನವಾಗಿತ್ತು, ಆಯಿಯ ದನಿ ಎಂಬತ್ತೊಂದಕ್ಕೂ ಒಡೆದಿರಲಿಲ್ಲ, ಸ್ವಲ್ಪ ಒರಟು, ಕಂಬಳಿಯ ಹಾಗೆ ಒರಟು, ಒಳಗೆ ಬೆಚ್ಚಗೆ —

ಹೊತ್ತು ಹೊಂಟೈತಿ ಬಾನಾಗ, ತುತ್ತು ಕಟ್ಯಾಳ ಸೆರಗಾಗ
ಹತ್ತಿ ನೋಡ್ಯಾಳ ಒಡ್ಡೀನ | ಹೊನ್ನವ್ವ
ಸುತ್ತ ನೀರೆಲ್ಲಾ ಭೀಮೀಯ

— ಕೈ ಎದ್ದಿತು, ಇವಳು ಹೆಬ್ಬೆರಳು ಒತ್ತಿದಳು, ಕೈ ಬಿತ್ತು. ಒರಟು ಹೆಬ್ಬೆರಳು, ಸೀಳಿದ ಉಗುರು, ಒಂದು ಕಾಲದಲ್ಲಿ ಅದರ ಮೇಲೆ ಕುರಿಯ ಗೊರಸು ಬಿದ್ದಿತ್ತಂತೆ. ಎರಡನೆಯ ನುಡಿ, ಒತ್ತಿದಳು. ಹೊಳೆ ಏರಿ ಊರು ಆ ದಂಡೆಗೆ, ತಾನು ಈ ದಂಡೆಗೆ ಉಳಿದ ಹೊನ್ನವ್ವ ಏಳು ಕುರಿಗಳನ್ನು ಒಂದೊಂದಾಗಿ ದಾಟಿಸುತ್ತಾಳೆ, ಒಂದೊಂದಕ್ಕೂ ಒಂದು ಹೆಸರು, ಒಂದೊಂದನ್ನು ನೀರಿಗಿಳಿಸುವಾಗಲೂ ಎರಡೆರಡು ನುಡಿ, ಹದಿನಾಲ್ಕನೆಯದು, ಹದಿನೈದನೆಯದು, ಬೆವರಿಗೆ ಬೆರಳು ಜಾರುತ್ತಿತ್ತು, ಅಷ್ಟರಲ್ಲಿ ಇವಳ ತೊಡೆಯ ಕೆಳಗೆ ಫೋನು ನಡುಗಿತು. ಮೇಡಂ ಅವರ ಹೆಸರು. ಫೆಲೋಶಿಪ್ಪಿನ ಫಲಿತಾಂಶ ಆ ವಾರವೇ ಬರಬೇಕಿತ್ತು. ಕೆಳಗೆ ಮಾತು ಕೇಳಿಸುವಷ್ಟು ಸಿಗ್ನಲ್ ಇರುವುದಿಲ್ಲ, ನಡುಗಿ ನಡುಗಿ ಸತ್ತುಹೋಗುತ್ತದೆ. ಆಯಿ ಹದಿನಾರನೆಯದನ್ನು ಎತ್ತಿಕೊಂಡಿದ್ದಳು, ಒಂದು ನಿಮಿಷ, ಒಂದೇ ನಿಮಿಷ, ರೆಕಾರ್ಡರು ಕೇಳುತ್ತಿದೆಯಲ್ಲ — ಹಾಗೆ ಅಂದುಕೊಂಡಳಲ್ಲ! ರೆಕಾರ್ಡರು ಕೇಳುತ್ತಿದೆಯಲ್ಲ! — ಹೆಬ್ಬೆರಳನ್ನು ಮೆಲ್ಲಗೆ ಬಿಟ್ಟಳು, ಬರಿಗಾಲಲ್ಲಿ, ಬಳೆ ಮೊಣಕೈಗೆ ಏರಿಸಿಕೊಂಡು, ಸಪ್ಪಳವಾಗದ ಹಾಗೆ ನಿಚ್ಚಣಿಕೆ ಹತ್ತಿದಳು. ಹಿಂದೆ ಆಯಿಯ ದನಿ,

ಆರು ಕುರಿ ದಂಡಿಮ್ಯಾಲ, ಏಳನೇ ಮರಿ ತಲಿಮ್ಯಾಲ
ನೀರು ಬಂದಾವ ಕೊರಳೀಗಿ | ಹೊನ್ನವ್ವ
ಯಾರ ಕರೆದಾಳೊ ನಡುಹೊಳಿಯಾಗ

ಸಿಕ್ಕಿತು ಯಶೋಧಾ, ನಿನಗೇ ಸಿಕ್ಕಿತು, ಮೇಡಂ ಎಷ್ಟು ಖುಷಿಯಲ್ಲಿದ್ದರು, ಇಡೀ ಬ್ಯಾಚಿನಲ್ಲಿ ಇಬ್ಬರಿಗೆ, ಸಮಿತಿಯವರು ಏನಂದರು ಗೊತ್ತೇ, ಈ ಹುಡುಗಿಗೆ ಕೇಳುವುದು ಗೊತ್ತು ಅಂದರು, ಅಪರೂಪದ ಕಿವಿ ಅಂದರು. ಥ್ಯಾಂಕ್ಯೂ ಮೇಡಂ, ಥ್ಯಾಂಕ್ಯೂ. ಇದೇ ಕುಂಬಿಯ ಬಳಿ ಅತ್ತಿಂದಿತ್ತ ಅಡ್ಡಾಡುತ್ತ, ಭೀಮಾ ಹೊಳೆಯ ಕಡೆ ಮುಖ ಮಾಡಿ, ಹೊಳೆಯ ಮೇಲೆ ಬಿಸಿಲು ಹಪ್ಪಳದ ಹಾಗೆ ಹೊಳೆಯುತ್ತಿತ್ತು, ಸಾರಾಂಶ ಯಾವಾಗ ಕಳಿಸುತ್ತೀ, ಶುಕ್ರವಾರ, ಶುಕ್ರವಾರ ಕಳಿಸುತ್ತೇನೆ, ಆಮೇಲೆ ಚಳಿಗಾಲದ ಸಮ್ಮೇಳನ, ಆಮೇಲೆ ಪಿಎಚ್‌ಡಿಗೆ ಎಲ್ಲೆಲ್ಲಿ ಅರ್ಜಿ ಹಾಕಬಹುದು — ಹಾಗೆ ಅಡ್ಡಾಡುವಾಗ ಕಣ್ಣು ಬೆಳಕಿಂಡಿಗೆ ಬಿತ್ತು. ಕಂಡಿತು. ಕಾಣಲಿಲ್ಲ ಎಂದು ತನಗೇ ಎಷ್ಟು ಸಲ ಹೇಳಿಕೊಂಡಿದ್ದಾಳೆ, ಕಂಡಿತು. ಬಿಸಿಲಿನ ಕೋಲಿನಲ್ಲಿ ಆಯಿಯ ಬಲಗೈ ಮಾತ್ರ, ಮುಖ ನೆರಳಲ್ಲಿ, ಎತ್ತಿದ ಕೈ, ಅಂಗೈ ಕೆಳಗೆ, ಹಸಿರು ಬಳೆ ಮಣಿಕಟ್ಟಿನಿಂದ ಹಿಂದಕ್ಕೆ ಜಾರಿ, ಬೀಳಲು ಕಾಯುತ್ತಿರುವ ಕೈ. ಬಾಗಿ ಬೆಳಕಿಂಡಿಗೆ ಬಾಯಿ ಕೊಟ್ಟು ಹೂಂ ಎಂದರೆ ಸಾಕಿತ್ತು. ಆ ಕಡೆ ಮೇಡಂ ಮಾತಾಡುತ್ತಿದ್ದರು. ಈ ಕಡೆ ಒಂದಕ್ಷರದ ಮಾತು. ಬಂದೆ ಆಯಿ, ಬಂದೇ ಬಿಟ್ಟೆ ಎಂದು ಮನಸ್ಸಿನಲ್ಲೇ ಅಂದು ಮುಖ ಹೊಳೆಯ ಕಡೆ ತಿರುಗಿಸಿದಳು. ಇಪ್ಪತ್ತೆರಡು ನಿಮಿಷ.

ಇಳಿದು ಬಂದಾಗ ಕೈ ಮಡಿಲಲ್ಲಿತ್ತು. ದೀಪ ಇನ್ನೂ ಉರಿಯುತ್ತಿತ್ತು. ಎಲ್ಲಿ ಹೋಗಿದ್ದಿ? ಎಲ್ಲೂ ಇಲ್ಲ ಆಯಿ, ಇಲ್ಲೇ ಇದ್ದೆ, ಸಪ್ಪಳ ಆಗಬಾರದಂತ ಸುಮ್ಮ ಕುಂತಿದ್ದೆ. ಬಟ್ಟ ಒತ್ತಲಿಲ್ಲ? ಒತ್ತಿದೆ, ನಿನಗ ಗೊತ್ತಾಗಿಲ್ಲ. ಆಯಿ ಕುರುಡುಗಣ್ಣನ್ನು ಇವಳ ದನಿಯ ಕಡೆಗೆ ತಿರುಗಿಸಿದಳು, ಆಮೇಲೆ ತನ್ನ ಕಾಲ ಬೆರಳನ್ನು ತಾನೇ ಸವರಿಕೊಂಡಳು, ಹೌದೇನೋ ಬಿಡು, ಮುದಿ ಕಾಲು, ತಿಳಿದಿಲ್ಲ. ಮುಂದ ಅನ್ನು ಆಯಿ. ಇವತ್ತ ಆಗಂಗಿಲ್ಲವ್ವಾ, ನಡುವ ಬಿಟ್ಟದ್ದ ನಡುವಿಂದ ಹಿಡಿಲಿಕ್ಕ ಬರಂಗಿಲ್ಲ, ಮೊದಲಿಂದ ಅನ್ನಬೇಕು, ದೀಪ ಹಚ್ಚಿ, ಸೋಮವಾರ. ನಾ ಸಂಜಿ ಗಾಡಿಗಿ ಹೊಂಟೇನಿ. ಹೋಗಿ ಬಾ, ದೀಪಾವಳಿಗಿ ಬರ್ತೀಯಲ್ಲ, ಆವಾಗ ಅಂತೇನಿ. ಜೈನುದ್ದೀನ ಮುತ್ಯಾಗರ ಅನ್ನು, ರೆಕಾರ್ಡ ಮಾಡಿ ಅಪ್ಪ ಕಳಸ್ತಾನ. ಅಂವಗ ಹಿಡಿದಿಲ್ಲಲ್ಲ, ನಿನಗ ಹಿಡದೀನಿ, ಯಾರಿಗಿ ಹಿಡದೇನೋ ಅವರಿಗೇ ಮುಗಸಬೇಕು, ಇಲ್ಲಂದ್ರ ಆಕಿಗಿ ದಂಡಿ ಸಿಗಂಗಿಲ್ಲ.

ದೀಪಾವಳಿಗೆ ಮಿಡ್‌ಸೆಮ್ಮು. ಆಮೇಲೆ ಸಮ್ಮೇಳನದ ಪೇಪರು. ವಾರಕ್ಕೊಮ್ಮೆ ಅಪ್ಪ ಆಯಿಯನ್ನು ಕೈಹಿಡಿದು ಮಾಳಿಗೆಗೆ ಹತ್ತಿಸಿ ಫೋನು ಕೊಡುತ್ತಿದ್ದ, ಎಂಬತ್ತೊಂದರ ಮುದುಕಿ ನಿಚ್ಚಣಿಕೆ ಹತ್ತಿ, ಏದುಸಿರಿನಲ್ಲಿ ಮೊದಲ ಮಾತೇ ಅದು, ಆಕಿ ಇನ್ನಾ ನೀರಾಗs ನಿಂತಾಳ ನೋಡು, ಮರಿ ತಲಿಮ್ಯಾಲ ಹೊತ್ತು, ಕಾಲ ಸೋತಾವಂತ, ಯಾವಾಗ ಬರ್ತಿ? ಇವಳು ನಗುತ್ತಿದ್ದಳು, ತಡೀಲಿಕ್ಕ ಹೇಳ ಆಯಿ, ಒಂದೆರಡ ಅಸೈನ್‌ಮೆಂಟ್ ಅದಾವ. ಮಾರ್ಗಶಿರದಲ್ಲಿ ಒಂದು ಸೋಮವಾರ, ನಡುಮಧ್ಯಾಹ್ನ, ಫೋನಿನ್ಯಾಗರ ಹೂಂ ಅಂತೀಯೇನ? ನಾ ಇಲ್ಲಿ ದೀಪ ಹಚ್ಚಿಕೊಂಡs ಹತ್ತೀನಿ. ಆಗ ಇವಳು ಕ್ಲಾಸಿನ ಬಾಗಿಲಲ್ಲಿದ್ದಳು, ಒಳಗೆ ಕ್ವಿಜ್ಜು ಶುರುವಾಗುತ್ತಿತ್ತು, ಗಾಜಿನಾಚೆಯಿಂದ ಗೆಳತಿ ಕೈಬೀಸುತ್ತಿದ್ದಳು, ನಾಳಿ ಆಯಿ. ನಾಳಿ ಮಂಗಳವಾರವ್ವಾ. ಮುಂದಿನ ಸೋಮವಾರ ಹಂಗಾರ. ಹೂಂ, ಅಂದಳು ಆಯಿ. ಹೇಳುವವಳೇ ಹೂಂ ಅಂದಳು. ಮುಂದಿನ ಸೋಮವಾರ ಮಾಳಿಗೆ ಹತ್ತಲು ಉಬ್ಬಸ, ಅದರ ಮುಂದಿನದಕ್ಕೆ ಜ್ವರ, ಪುಷ್ಯದಲ್ಲಿ ಅಪ್ಪನ ಫೋನು, ಎರಡು ರಾತ್ರಿ ಒಂದು ಹಗಲಿನ ದಾರಿ, ಬರುವಷ್ಟರಲ್ಲಿ ಆಯಿಯ ಮಣ್ಣಾಗಿತ್ತು.

ಆಮೇಲೆ ಲೈಬ್ರರಿಯ ನಾಲ್ಕನೆಯ ಮಹಡಿ, ಕಿವಿಗೆ ದೊಡ್ಡ ಹೆಡ್‌ಫೋನು, ಹದಿನಾರನೆಯ ನುಡಿ, ನಡುಹೊಳಿಯಾಗ, ಮತ್ತೆ ಏನೂ ಇಲ್ಲ, ದೀಪದ ಬತ್ತಿ ಚಿಟಿಕೆ ಹೊಡೆಯುವ ಸಪ್ಪಳ, ದೂರದಲ್ಲಿ ಮೇಕೆ, ಐದು ಸೆಕೆಂಡು, ಹತ್ತು ಸೆಕೆಂಡು, ಆಮೇಲೆ, ಅದೀ ಏನ ಯವ್ವಾ? ಮತ್ತೆ ಸುಮ್ಮನೆ. ಬಳೆ ಸರಿದ ಸಪ್ಪಳ. ಯಶೋಧಾ, ಅದೀ ಏನ? ಮೂರು ಸಲ ಕೇಳಿದ್ದಳು. ಮೇಲೆಲ್ಲೋ ಬಹಳ ಸಣ್ಣಗೆ ಇವಳದೇ ದನಿ, ಥ್ಯಾಂಕ್ಯೂ ಮೇಡಂ, ಅದೂ ಬಿದ್ದಿದೆ, ರೆಕಾರ್ಡರು ಎಲ್ಲವನ್ನೂ ಕೇಳಿದೆ, ಅಂದರೆ ಆಯಿಯೂ ಕೇಳಿದ್ದಾಳೆ, ಕಿವಿ ಒಂದು ಉಳಿಸ್ರಿ ಅಂದವಳು, ಬೆಳಕಿಂಡಿಯಿಂದ ಇಳಿದ ಆ ದನಿಯನ್ನು ಕೇಳಿಯೂ, ಇಲ್ಲೇ ಇದ್ದೆ ಆಯಿ ಎಂದದ್ದಕ್ಕೆ ಹೌದೇನೋ ಬಿಡು ಅಂದವಳು, ತನ್ನ ಕಾಲನ್ನೇ ತಪ್ಪಿಗೆ ಗುರಿಮಾಡಿಕೊಂಡವಳು. ಮೌಸು ಎಳೆದು ಹದಿನಾರನೆಯ ನುಡಿಯ ನಂತರದ ಎಲ್ಲವನ್ನೂ ಬಣ್ಣ ತುಂಬಿ ಗುರುತು ಮಾಡಿದಳು, ಡಿಲೀಟ್ ಒತ್ತಿದಳು, ಉಳಿದದ್ದನ್ನು ಯೂನಿವರ್ಸಿಟಿಯ ಸಂಗ್ರಹಕ್ಕೆ ಸೇರಿಸಿದಳು. ಪೂರ್ತಿ ಕಡತ ಮಾತ್ರ ಫೋನಿನಲ್ಲಿ, ಈಗಲೂ, ಕುಂಬಿಯ ಮೇಲೆ ಬಿಸಿಲಿಗೆ ಕಾಯುತ್ತಿರುವ ಈ ಫೋನಿನಲ್ಲಿ. ಆಮೇಲೆ ಬರೆದಳು, ಹಾಡುಗಾರ್ತಿಗೆ ಮರೆವು. ಆಯಿ ತನ್ನ ಕಾಲಿನ ಮೇಲೆ ಹಾಕಿಕೊಂಡಿದ್ದ ತಪ್ಪನ್ನು ಇವಳು ಆಯಿಯ ತಲೆಯ ಮೇಲೆ ಹೊರಿಸಿದಳು, ಅಷ್ಟೇ ವ್ಯತ್ಯಾಸ. ಮುತ್ಯಾ, ಮುಂದೇನಾಗತೈತಿ ಹೇಳು, ನಿನಗ ಗೊತ್ತಿರತೈತಿ ಅಂತ ಪುಷ್ಯದಲ್ಲೇ ಕೇಳಿ ನೋಡಿದ್ದಳು. ದಾಟತಾಳ ಯವ್ವಾ, ದಾಟತಾಳಂತ ಗೊತ್ತೈತಿ, ಹ್ಯಾಂಗ ದಾಟತಾಳ ಅನ್ನೂದು ಪದದಾಗ ಇತ್ತು, ನಾ ಕೇಳಾಂವ, ಅನ್ನಾಂವ ಅಲ್ಲ. ಸಣ್ಣಂದಿನಿಂದ ಕೇಳಿದ ಇವಳಿಗೂ ಕತೆ ಗೊತ್ತು, ನುಡಿ ಬಾರದು.

ತೆರೆ ಮಿನುಗಿತು, ಮೂರು ಮುಖ, ಗೈಡ್ ಮೇಡಂ ನಗುತ್ತಿದ್ದಾರೆ, ಇನ್ನೊಬ್ಬ ಪ್ರೊಫೆಸರು, ನಡುವೆ ಬಿಳಿಗೂದಲಿನ ಪರೀಕ್ಷಕರು, ಹಿಂದೆ ಪುಸ್ತಕದ ಕಪಾಟು, ನಿನ್ನ ಹಿಂದೆ ಇರುವುದು ಆಕಾಶವೇ ಅಂತ ಮೇಡಂ ತಮಾಷೆ ಮಾಡಿದರು, ಹೌದು ಮೇಡಂ ಅಂದಳು. ಹತ್ತು ನಿಮಿಷ ಸರಾಗ ಹೋಯಿತು, ವಿಧಾನ, ಪ್ರಾಸ, ಅನುವಾದದ ಕಷ್ಟ, ಒಂದೊಂದು ಉತ್ತರ ನಿಂತಲ್ಲಿಯೂ ಕೆಳಗಿನಿಂದ ಮೆಲ್ಲಗೆ, ಹೂಂ. ಮೈಕಿಗೆ ಕೇಳುವಷ್ಟಲ್ಲ, ಇವಳಿಗೆ ಕೇಳುವಷ್ಟು. ಆಮೇಲೆ ಬಿಳಿಗೂದಲಿನವರು ಕನ್ನಡಕ ಸರಿಮಾಡಿಕೊಂಡು, ನಲವತ್ತೊಂದನೆಯ ಪುಟ, ಅಂದರು, ಬಹಳ ಒಳ್ಳೆಯ ಕೆಲಸ, ಒಂದೇ ಕುತೂಹಲ, ಹದಿನಾರು ನುಡಿಯನ್ನು ಒಂದು ಅಕ್ಷರ ತಪ್ಪದೆ ಹೇಳಿದಾಕೆ ನಿಖರವಾಗಿ ಅಲ್ಲಿಯೇ ಮರೆತದ್ದು ಹೇಗೆ? ಮೇಡಂ ಇವಳತ್ತ ನೋಡಿ ಕಣ್ಣಲ್ಲೇ ಹೇಳಿದರು, ಹೇಳು, ತಯಾರಿದ್ದೀಯಲ್ಲ. ವಾಕ್ಯ ನಾಲಿಗೆಯ ತುದಿಗೆ ಬಂತು, ವಯಸ್ಸು ಎಂಬತ್ತೊಂದು, ಸ್ಮೃತಿಯ ಸವಕಳಿ, ಒಂದು ಉಸಿರಿನಲ್ಲಿ ಮುಗಿದುಹೋಗುತ್ತದೆ, ಪದವಿ, ಮೇಡಂ ಅವರ ಶಿಫಾರಸು ಪತ್ರ, ಆಗಸ್ಟಿಗೆ ಪಿಎಚ್‌ಡಿ, ಮತ್ತೆ ಆ ಕಪಾಟಿನಲ್ಲಿ ಆಯಿ, ಮರಗುಳಿಯಾಗಿ, ಎಂದೆಂದಿಗೂ. ಕೆಳಗೆ ಅಪ್ಪನ ನಿಂಬೆಯ ಸಪ್ಪಳ ನಿಂತಿತ್ತು.

ಮರೆಯಲಿಲ್ಲ, ಅಂದಳು, ಮೊದಲು ಕನ್ನಡದಲ್ಲೇ ಬಂತು, ಆಮೇಲೆ ಇಂಗ್ಲಿಷಿನಲ್ಲಿ. ಆಕೆ ಮರೆಯಲಿಲ್ಲ. ಕೇಳುವವರಿಲ್ಲದೆ ಮುಂದೆ ಹೇಳುವ ಪದ್ಧತಿ ಇಲ್ಲ. ಕೇಳುತ್ತಿದ್ದವಳು ನಾನು. ನಾನು ಎದ್ದು ಹೋಗಿದ್ದೆ. ಧ್ವನಿಯನ್ನು ಕತ್ತರಿಸಿದ್ದೇನೆ. ಪುಟದಲ್ಲಿ ಬರೆದದ್ದು ಸುಳ್ಳು. ಯಾರ ಕರೆಗೆ ಎದ್ದು ಹೋದದ್ದೆಂದು ಹೇಳಲಿಲ್ಲ, ಅದು ಮೇಡಂ ಅವರ ತಪ್ಪಲ್ಲ. ಮೇಡಂ ಅವರ ನಗು ಮುಖದಲ್ಲೇ ಉಳಿದು ಅರ್ಥ ಕಳೆದುಕೊಂಡಿತು, ಇನ್ನೊಬ್ಬರು ಏನೋ ಬರೆದುಕೊಂಡರು, ಬಿಳಿಗೂದಲಿನವರು ಬಹಳ ಮೆತ್ತಗೆ ಕೇಳಿದರು, ಮುಂದಿನ ಭಾಗ ಬೇರೆ ಯಾರಿಗಾದರೂ ಗೊತ್ತಿದೆಯೇ? ಇಲ್ಲ. ಎಲ್ಲಾದರೂ ಬರೆದಿಟ್ಟದ್ದು? ಇಲ್ಲ. ಮುಂದೆ ಹೇಳುವುದೇನೂ ಉಳಿದಿರಲಿಲ್ಲ, ಅಗರಖೇಡದ ಗಾಳಿ ಸೀರೆಯ ನೆರಳನ್ನು ಎತ್ತಿ ಇಳಿಸಿತು, ಇಂಗ್ಲಿಷು ತಿಳಿಯದ ಮುದುಕ ಕೆಳಗಿನಿಂದ, ಈ ಸಲ ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಹೂಂ, ಅಂದ. ಇವಳು ಬಾಗಿದಳು, ಬೆಳಕಿಂಡಿಗೆ ಮುಖ ಕೊಟ್ಟಳು, ಬಿಸಿಲಿನ ಕೋಲು, ಧೂಳು, ಖಾಲಿ ನೆಲದ ದುಂಡು, ಹೂಂ, ಅಂದಳು ತಾನೂ, ಹೂಂ ಆಯಿ, ಅದೇನಿ, ಇಲ್ಲೇ ಅದೇನಿ — ಬಿಸಿಲಿನಲ್ಲಿ ಎತ್ತಿದ ಕೈ, ಅಂಗೈ ಕೆಳಗೆ, ಹಸಿರು ಬಳೆ ಹಿಂದಕ್ಕೆ ಜಾರಿ, ಎತ್ತಿದ ಕೈ, ಬೀಳದ ಕೈ